ಗೆಳೆಯನಿಗೊಂದು ಪತ್ರ: ಅವನು ಸಾಗಿಹೋಗುವುದನ್ನೂ ತೋರಿಸು

ಪ್ರೀತಿಯ ಗೆಳೆಯ,

ನೀನು ತೆಗೆದು ಕಳಿಸಿದ ಸ್ಕೇಟ್‌ಬೋರ್ಡ್, ಸೈಕಲ್ ಸಾಹಸದ ವಿಡಿಯೊ ನಿನ್ನೆ ರಾತ್ರಿ ನೋಡಿದೆ. ಒಂದು ಸಲ ಅಲ್ಲ, ನಾಲ್ಕು ಸಲ. ಕೊನೆಯ ಸಲ ಶಬ್ದ ಪೂರ್ತಿ ನಿಲ್ಲಿಸಿ ನೋಡಿದೆ. 'ಸೂಪರ್' ಅಂತ ಒಂದು ಮಾತು ಬರೆದು ಮುಗಿಸಬಹುದಿತ್ತು. ಆದರೆ ಎಲ್ಲಿ ತಪ್ಪಿದೆ ಹೇಳು, ಮುಚ್ಚಿಡಬೇಡ ಅಂತ ನೀನೇ ಕೇಳಿದ್ದೀಯ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು, ನನ್ನನ್ನು ಕಾಡಿದ ಒಂದು ಶಾಟ್. ಆ ಹುಡುಗ ಸ್ಕೇಟ್‌ಬೋರ್ಡ್ ಮೇಲೆ ಬಂದು ಮೆಟ್ಟಿಲು ಹಾರುತ್ತಾನಲ್ಲ, ಅದು. ಬೋರ್ಡ್ ಗಾಳಿಯಲ್ಲಿ ತಿರುಗುತ್ತದೆ. ಕಾಲು ಅದನ್ನು ಹಿಡಿಯುತ್ತದೆ. ನಾಲ್ಕೂ ಚಕ್ರ ನೆಲಕ್ಕೆ ಬಡಿಯುತ್ತವೆ. ಅಷ್ಟರಲ್ಲೇ ಕಟ್. ಮುಂದಿನ ಶಾಟ್‌ನಲ್ಲಿ ಬೇರೆ ಯಾರೋ ಬಂದಾಯಿತು. ಅವನು ನಿಂತನಾ, ಬಿದ್ದನಾ? ನೀನು ಅಲ್ಲೇ ಇದ್ದೆ, ನಿನಗೆ ಗೊತ್ತು. ನೋಡುತ್ತಿದ್ದ ನನಗೆ ಗೊತ್ತಾಗಲಿಲ್ಲ.

ನಾನೂ ಹಿಂದೆ ಇದೇ ತಪ್ಪು ಮಾಡಿದ್ದೆ. ಒಬ್ಬ ಗೆಳೆಯ ಒಂದೇ ಟ್ರಿಕ್‌ಗಾಗಿ ಮಧ್ಯಾಹ್ನವಿಡೀ ಬೀಳುತ್ತಿದ್ದ. ಅಂಗೈ ತರಚಿತ್ತು, ಮೊಣಕಾಲ ಹತ್ತಿರ ಪ್ಯಾಂಟ್ ಹರಿದಿತ್ತು. ಕತ್ತಲಾಗುವ ಹೊತ್ತಿಗೆ ಕೊನೆಗೂ ನಿಂತ. ಇಳಿದವನು ಒಂದು ಕಡೆ ವಾಲಿದ, ಎರಡೂ ಕೈ ಬೀಸಿದ, ಸಾವರಿಸಿಕೊಂಡ, ಹಾಗೇ ಬೋರ್ಡ್ ಮೇಲೆ ಮುಂದೆ ಸಾಗಿಹೋದ. ಎಡಿಟಿಂಗ್‌ಗೆ ಕೂತಾಗ ಹಾಡಿನ ತಾಳಕ್ಕೆ ಸರಿಯಾಗಿ ಕೂರಲಿ ಅಂತ ನಾನು ಆ ವಾಲಿದ ಭಾಗವನ್ನೇ ಕತ್ತರಿಸಿಬಿಟ್ಟೆ. ವಿಡಿಯೊ ನೋಡಿ ಅವನು ಬೈಯಲಿಲ್ಲ. 'ನಾನು ಸಾಗಿಹೋಗಿದ್ದು ಎಲ್ಲಿ?' ಅಂತ ಕೇಳಿದ, ಅಷ್ಟೇ. ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಕೇಟ್‌ಬೋರ್ಡ್ ಬಲ್ಲವರು ಇಳಿದ ಮೇಲೆ ಸಾಗಿಹೋಗುವುದನ್ನು ಕಾಣದೆ ಅದನ್ನು ಟ್ರಿಕ್ ಅಂತಲೇ ಒಪ್ಪುವುದಿಲ್ಲ. ಆ ವಾಲಿದ ಒಂದು ಕ್ಷಣದಲ್ಲೇ ಅವನ ಇಡೀ ಮಧ್ಯಾಹ್ನ ಇತ್ತು.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಆಟಗಾರ ಫ್ರೇಮ್ ಬಿಟ್ಟು ಹೋಗುವವರೆಗೂ ಕ್ಯಾಮೆರಾ ನಿಲ್ಲಿಸುವುದಿಲ್ಲ. ಅವನು ಓಡಿಬರುವುದೂ ಅಷ್ಟೇ ಮುಖ್ಯ. ಎಷ್ಟು ವೇಗದಲ್ಲಿ ಬಂದ ಅಂತ ಕಾಣದಿದ್ದರೆ ಎಷ್ಟು ದೂರ ಹಾರಿದ ಅನ್ನುವುದಕ್ಕೆ ಬೆಲೆಯೇ ಬರುವುದಿಲ್ಲ, ಅಲ್ವಾ?

ಇನ್ನು ನೀನು ನಿಂತ ಜಾಗ. ಫಿಶ್‌ಐ ಲೆನ್ಸ್ ಹಾಕಿಕೊಂಡು ದೂರ ನಿಂತಿದ್ದೀಯ. ಆ ಲೆನ್ಸ್ ಹತ್ತಿರದ್ದನ್ನು ದೊಡ್ಡದು ಮಾಡುತ್ತದೆ, ದೂರದ್ದನ್ನು ಇನ್ನೂ ದೂರ ತಳ್ಳುತ್ತದೆ. ಹಿಂದೆ ನಿಂತರೆ ಎತ್ತರದ ಮೆಟ್ಟಿಲೂ ಪುಟ್ಟದಾಗಿ ಕಾಣುತ್ತದೆ. ಬೋರ್ಡಿಗೆ ಹತ್ತಿರ, ನೆಲಕ್ಕೆ ಹತ್ತಿರ ಇರಬೇಕು. 1995ರಲ್ಲಿ ಬಂದ ಸೋನಿ ವಿಎಕ್ಸ್ 1000 ಕ್ಯಾಮೆರಾವನ್ನು ಸ್ಕೇಟ್ ವಿಡಿಯೊ ಮಾಡುವವರು ಹೊಸ ಹೊಸ ಕ್ಯಾಮೆರಾ ಬಂದ ಮೇಲೂ ಬಿಡಲಿಲ್ಲ. ಅದರ ಮೇಲ್ಗಡೆ ಹಿಡಿ ಇತ್ತು. ಹಿಡಿಯಲ್ಲಿ ಹಿಡಿದು ಕೈ ಇಳಿಬಿಟ್ಟರೆ ಲೆನ್ಸ್ ತಾನಾಗಿ ಚಕ್ರದ ಮಟ್ಟಕ್ಕೆ ಬರುತ್ತಿತ್ತು. ನಿನ್ನ ಕ್ಯಾಮೆರಾಕ್ಕೂ ಅಂಥದೊಂದು ಹಿಡಿ ಹಾಕಿಸಿಕೋ. ಮೊಣಕಾಲು ಬಗ್ಗಿಸಿ ಅವನ ಜೊತೆಗೇ ಸಾಗು. ನಡುಕ ತಡೆಯುವ ಕೆಲಸ ಅರ್ಧ ಮೊಣಕಾಲಿನದೇ.

ಆದರೆ ಅಷ್ಟು ಹತ್ತಿರ ಹೋಗುವ ಮೊದಲು ಅವನನ್ನು ಕೇಳು. ನೀನು ಎಲ್ಲಿ ಇರುತ್ತೀಯ, ತಪ್ಪಿದರೆ ಬೋರ್ಡ್ ಯಾವ ಕಡೆ ಚಿಮ್ಮುತ್ತದೆ, ಅವನು ಯಾವ ಕಡೆ ಉರುಳುತ್ತಾನೆ, ಇಬ್ಬರೂ ಮಾತಾಡಿಕೊಂಡಿರಬೇಕು. ಲೆನ್ಸ್ ಒಡೆದರೆ ಇನ್ನೊಂದು ಬರುತ್ತದೆ. ನಿನ್ನಿಂದಾಗಿ ಅವನು ಜಾಗ ಸಾಲದೆ ಬಿದ್ದರೆ ಅದನ್ನು ನೀನೇ ಕ್ಷಮಿಸಿಕೊಳ್ಳಲಾರೆ. 'ಇನ್ನೊಂದು ಸಲ ಮಾಡು' ಅಂತ ಸುಮ್ನೆ ಕೇಳಲೂಬೇಡ. ಪ್ರತಿ ಸಲವೂ ಅವನ ಮೂಳೆಯ ಲೆಕ್ಕ.

ಕಾಡಿನೊಳಗಿನ ಆ ಸೈಕಲ್ ಕ್ಲಿಪ್ ಬಗ್ಗೆ ನೀನು ಕೇಳಿದ್ದೆ. ಬಯಲಲ್ಲಿ ಚೆನ್ನಾಗಿದ್ದ ಚಿತ್ರ ಮರಗಳ ಕೆಳಗೆ ಹೋದಕೂಡಲೇ ಯಾಕೆ ಮಂಜಾಗಿ ನಡುಗುತ್ತದೆ ಅಂತ. ತಪ್ಪು ನಿನ್ನ ಕೈಯದಲ್ಲ, ಶಟರ್‌ನದು, ಅಂದರೆ ವಿಡಿಯೊದ ಒಂದೊಂದು ಚಿತ್ರಕ್ಕೆ (ಫ್ರೇಮ್‌ಗೆ) ಬೆಳಕು ಬಿಡುವ ಬಾಗಿಲಿನದು. ನೆರಳಿಗೆ ಬಂದಾಗ ಬೆಳಕು ಸಾಲುವುದಿಲ್ಲ. ಕ್ಯಾಮೆರಾ ಆಟೊದಲ್ಲಿದ್ದರೆ ಶಟರ್ ಸ್ಪೀಡ್ ತಾನಾಗಿ ಇಳಿಯುತ್ತದೆ, ಆ ಬಾಗಿಲು ಹೆಚ್ಚು ಹೊತ್ತು ತೆರೆದಿರುತ್ತದೆ. ಆಗ ಒಂದೊಂದು ಫ್ರೇಮ್ ಒಳಗೇ ಸೈಕಲ್ಲಿನ ಕುಲುಕಾಟ ಬಳಿದುಕೊಂಡಂತೆ ಸೇರಿಹೋಗುತ್ತದೆ. ನಡುಕ ತಗ್ಗಿಸುವ ಸ್ಟೆಬಿಲೈಸೇಶನ್ ಮಾಡುವುದೇನು? ಫ್ರೇಮ್‌ಗಳನ್ನು ಅತ್ತಿತ್ತ ಸರಿಸಿ ಒಂದರ ಮೇಲೊಂದು ಸರಿಯಾಗಿ ಕೂರಿಸುತ್ತದೆ. ಒಳಗೆ ಸೇರಿಹೋದ ಮಸುಕನ್ನು ಅದು ತೆಗೆಯಲಾರದು. ಅದಕ್ಕೇ ಚಿತ್ರ ನಿಂತಲ್ಲೇ ನಿಂತು ಬಿಟ್ಟು ಬಿಟ್ಟು ಮಸುಕಾಗುತ್ತದೆ.

ಸೆಕೆಂಡಿಗೆ 60 ಫ್ರೇಮ್‌ ಇದ್ದರೆ ಶಟರ್ 1/120 ಸೆಕೆಂಡ್, 24 ಫ್ರೇಮ್‌ ಇದ್ದರೆ 1/50 ಅಂತ ಒಂದು ನಿಯಮ ಎಲ್ಲರೂ ಹೇಳಿಕೊಡುತ್ತಾರೆ. ಟ್ರೈಪಾಡ್ ಮೇಲೋ ನಡುಗದ ಹಾಗೆ ಹಿಡಿಯುವ ಗಿಂಬಲ್ ಮೇಲೋ ಇಟ್ಟ ಕ್ಯಾಮೆರಾಕ್ಕೆ ಅದು ಸರಿ. ಬಿಸಿಲಿದ್ದರೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ ಅದನ್ನೇ ಪಾಲಿಸು, ಚಲನೆ ಕಣ್ಣಿಗೆ ಹಿತವಾಗಿರುತ್ತದೆ. ಎದೆಗೆ ಕಟ್ಟಿದ ಆ್ಯಕ್ಷನ್ ಕ್ಯಾಮೆರಾಕ್ಕೆ ಅದನ್ನೇ ಹಿಡಿದು ಕೂರಬೇಡ. ಅಲ್ಲಿ ಶಟರ್ ಇನ್ನೂ ಚುರುಕಾಗಿರಲಿ. ಬೆಳಕು ಸಾಲದೆ ಸ್ವಲ್ಪ ಗ್ರೇನ್, ಅಂದರೆ ಮರಳು ಚೆಲ್ಲಿದಂಥ ಚುಕ್ಕೆ, ಬಂದರೆ ಬರಲಿ ಬಿಡು. ಎನ್‌ಡಿ ಫಿಲ್ಟರ್ ಹಾಕಿದ್ದರೆ ಕಾಡಿಗೆ ಇಳಿಯುವ ಮೊದಲು ತೆಗೆದುಬಿಡು.

ಅದೇ ಕ್ಲಿಪ್‌ನಲ್ಲಿ ಇನ್ನೊಂದು. ಅಷ್ಟು ಕಡಿದಾದ ಇಳಿಜಾರು ಸಪಾಟಾಗಿ ಕಾಣುತ್ತಿದೆ. ಮೇಲಿನಿಂದ ಕೆಳಕ್ಕೆ ಅಗಲದ ಲೆನ್ಸ್‌ನಲ್ಲಿ ತೆಗೆದರೆ ಹಾಗೇ ಆಗುವುದು. ಒಂದು ಸಲ ಪಕ್ಕದಲ್ಲಿ ನಿಂತು, ಕ್ಯಾಮೆರಾ ನೇರವಾಗಿಟ್ಟು, ಹಿಂದೆ ಒಂದೆರಡು ಮರದ ಕಾಂಡ ಕಾಣುವ ಹಾಗೆ ತೆಗೆ. ನೆಟ್ಟಗೆ ನಿಂತ ಮರದ ಪಕ್ಕದಲ್ಲಿ ಇಳಿಜಾರಿನ ಕೋನ ತಾನಾಗಿ ಗೊತ್ತಾಗುತ್ತದೆ.

ಸ್ಲೋ ಮೋಷನ್ ಜಾಸ್ತಿಯಾಗಿದೆ ಕಣೋ. 120 ಫ್ರೇಮ್‌ನಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಐದು ಪಟ್ಟು ನಿಧಾನ. ನೀನು ಹೆಚ್ಚುಕಡಿಮೆ ಎಲ್ಲದಕ್ಕೂ ಅದನ್ನೇ ಮಾಡಿದ್ದೀಯ. ಮೊದಲು ನಿಜವಾದ ವೇಗದಲ್ಲಿ ಒಮ್ಮೆ ತೋರಿಸು. ನೋಡುವವನಿಗೆ 'ಏನಾಯಿತು ಈಗ?' ಅನ್ನಿಸಲಿ. ಆಮೇಲೆ ಬೇಕಿದ್ದರೆ ಕಾಲು ಬೋರ್ಡನ್ನು ಹಿಡಿಯುವ ಕ್ಷಣವನ್ನು ಮಾತ್ರ ನಿಧಾನ ಮಾಡು.

ಶಬ್ದದ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ಇಡೀ ರಾತ್ರಿ ಮಾತಾಡಬಲ್ಲೆ. ನೀನು ಮೊದಲಿನಿಂದ ಕೊನೆವರೆಗೆ ಹಾಡು ಹಾಕಿ, ಚಕ್ರದ ಶಬ್ದವನ್ನೆಲ್ಲ ಅಳಿಸಿದ್ದೀಯ. ಒರಟು ನೆಲದ ಮೇಲೆ ಚಕ್ರದ ಗರಗರ, ಬೋರ್ಡಿನ ಬಾಲ ನೆಲಕ್ಕೆ ಬಡಿಯುವ ಟಪ್, ಆಮೇಲೆ ಗಾಳಿಯಲ್ಲಿರುವಷ್ಟು ಹೊತ್ತು ಏನೂ ಇಲ್ಲದ ಮೌನ, ಆಮೇಲೆ ಧಡ್ ಅಂತ ನಾಲ್ಕು ಚಕ್ರ. ಆ ನಡುವಿನ ಮೌನ ಎಷ್ಟು ಉದ್ದ ಇದೆಯೋ ಅವನು ಅಷ್ಟು ಹೊತ್ತು ಗಾಳಿಯಲ್ಲಿದ್ದ ಅಂತ ಕಿವಿಗೆ ತಿಳಿಯುತ್ತದೆ. ಹಾಡು ಅದನ್ನು ತುಂಬಿಬಿಟ್ಟರೆ ಹಾರಿದ್ದೇ ಗೊತ್ತಾಗುವುದಿಲ್ಲ. ಹಾಡು ಬೇಡ ಅಂತಲ್ಲ. ಆ ಜಾಗದಲ್ಲಿ ಅದನ್ನು ತಗ್ಗಿಸು.

ದೂರದಿಂದ, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್‌ನಲ್ಲಿ ತೆಗೆದ ಶಾಟ್‌ನಲ್ಲಿ ಏನೋ ಸರಿಯಿಲ್ಲ ಅನ್ನಿಸಿದ್ದಕ್ಕೂ ಕಾರಣ ಇದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 100 ಮೀಟರ್ ದೂರದಲ್ಲಿ ನಿಂತರೆ ಲ್ಯಾಂಡಿಂಗ್ ಶಬ್ದ ಕ್ಯಾಮೆರಾಕ್ಕೆ ತಲುಪುವಾಗ 24 ಫ್ರೇಮ್ ಲೆಕ್ಕದಲ್ಲಿ ಏಳು ಫ್ರೇಮ್ ತಡವಾಗಿರುತ್ತದೆ. ಎಡಿಟಿಂಗ್ ಟೈಮ್‌ಲೈನ್‌ನಲ್ಲಿ ಶಬ್ದವನ್ನಷ್ಟೇ ಬೇರೆ ಮಾಡಿ ಏಳು ಫ್ರೇಮ್ ಹಿಂದಕ್ಕೆ ಎಳೆ. ಚಕ್ರ ನೆಲಕ್ಕೆ ತಾಗಿದ ಫ್ರೇಮ್‌ಗೇ ಆ ಧಡ್ ಬಂದು ಕೂತಾಗ ನಿನಗೇ ಮೈ ಜುಮ್ಮೆನ್ನುತ್ತದೆ, ನೋಡು.

ಇನ್ನೊಂದು ಸಣ್ಣ ವಿಷಯ, ತುಂಬಾ ಸಮಯ ಉಳಿಸುತ್ತದೆ. ನೂರು ಪ್ರಯತ್ನದಲ್ಲಿ ಸರಿಯಾದದ್ದು ಒಂದೋ ಎರಡೋ ಇರುತ್ತದೆ. ಅದು ಸಿಕ್ಕಿ, ಅವನು ಫ್ರೇಮ್ ಬಿಟ್ಟು ಹೋದ ತಕ್ಷಣ ಲೆನ್ಸ್‌ಗೆ ಒಮ್ಮೆ ಅಂಗೈ ಮುಚ್ಚಿ ಆಮೇಲೆ ರೆಕಾರ್ಡ್ ನಿಲ್ಲಿಸು. ಎಡಿಟಿಂಗ್‌ಗೆ ಕೂತಾಗ ಕಪ್ಪು ಫ್ರೇಮ್ ಹುಡುಕಿದರೆ ಸಾಕು. ಬಿದ್ದ ಕ್ಲಿಪ್‌ಗಳನ್ನು ಮಾತ್ರ ಅಳಿಸಬೇಡ. ಅವನು ಬಿದ್ದು ಎದ್ದು ಬೋರ್ಡ್ ಎತ್ತಿಕೊಂಡು ಮತ್ತೆ ಮೆಟ್ಟಿಲು ಹತ್ತುವ ಮುಖ ಅದರಲ್ಲಿರುತ್ತದೆ. ಲ್ಯಾಂಡಿಂಗ್‌ಗೆ ಮೊದಲು ಅಂಥವು ಎರಡು ಹಾಕಿ ನೋಡು, ಇಳಿದದ್ದರ ತೂಕವೇ ಬೇರೆಯಾಗುತ್ತದೆ.

ಆ ಮೆಟ್ಟಿಲ ಶಾಟ್‌ನ ಕತ್ತರಿಸದ ಫೈಲ್ ಇನ್ನೂ ಇದೆ ತಾನೆ? ಅದನ್ನು ಹಾಗೇ ಕಳಿಸು. ಆ ಹುಡುಗ ಸಾಗಿಹೋಗುವುದನ್ನು ನಾನು ನೋಡಬೇಕು.

ನಿನ್ನ ಗೆಳೆಯ