ತಲೆ ತಿನ್ನುವುದು ಹಿಂಸೆಯೇ?

ಮಾನ್ಯರೇ,

ನಾನು ಹನುಮಂತನಗರದಲ್ಲಿ ಸಣ್ಣ ದರ್ಶಿನಿ ಇಟ್ಟುಕೊಂಡಿದ್ದೇನೆ. ಹೋದ ತಿಂಗಳು ಅಂಗಡಿ ಮುಂದಿನ ಗುಂಡಿಗೆ ಹಾಲಿನ ಗಾಡಿಯ ಚಕ್ರ ಇಳಿದು, ಬೆಳಗಿನ ಕಾಫಿಗೇ ಹಾಲಿಲ್ಲದ ಹಾಗಾಯಿತು. ಫೋಟೊ ತೆಗೆದು, ‘ಗುಂಡಿ ಮುಚ್ಚೋವರೆಗೂ ಎಂಜಿನಿಯರ್ ತಲೆ ತಿನ್ನೋಣ ಬನ್ನಿ’ ಎಂದು ಒಂದು ಜಾಲತಾಣದಲ್ಲಿ ಹಾಕಿದೆ. ಅರ್ಧ ಗಂಟೆಯಲ್ಲಿ ಪೋಸ್ಟ್ ಮಾಯ. ಹಿಂಸೆಗೆ ಪ್ರಚೋದನೆಯಂತೆ! ಏಳು ದಿನ ಏನೂ ಬರೆಯುವ ಹಾಗಿಲ್ಲ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು ಬಂತು. ಕನ್ನಡದವರು ಯಾರಾದರೂ ಓದಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು, ಅಲ್ವಾ?

ಅದೇ ವಾರ ಅಲ್ಲೇ ಇನ್ನೊಂದು ವಿಡಿಯೊ ನೋಡಿದೆ. ಒಂದು ಸಮುದಾಯದವರ ಅಂಗಡಿಗೆ ಬೆಂಕಿ ಇಡಿ ಎಂದು ಅಚ್ಚ ಕನ್ನಡದಲ್ಲಿ ಒಬ್ಬ ಕೂಗುತ್ತಿದ್ದ. ದೂರು ಕೊಟ್ಟೆ. ನಿಯಮ ಮೀರಿಲ್ಲ ಎಂಬ ಉತ್ತರ ಬಂತು.

ಎಲ್ಲವನ್ನೂ ಹಾಗೇ ಬಿಡಿ ಅಂತ ನಾನು ಹೇಳುವುದಿಲ್ಲ. 2012ರ ಆಗಸ್ಟ್‌ನಲ್ಲಿ ನಮ್ಮಲ್ಲಿ ಇಬ್ಬರು ಅಸ್ಸಾಂ ಹುಡುಗರಿದ್ದರು. ಒಬ್ಬ ಆಗಷ್ಟೇ ದೋಸೆ ಹುಯ್ಯೋದು ಕಲಿತಿದ್ದ. ಈಶಾನ್ಯದವರನ್ನು ಹೊಡೀತಾರೆ ಅನ್ನೋ ಮೆಸೇಜು ಅವರ ಫೋನಿಗೂ ಬಂತು. ‘ಸುಳ್ಳು ಕಣ್ರೋ’ ಅಂದೆ. ‘ಅಣ್ಣಾ, ಊರಲ್ಲಿ ಅಮ್ಮ ಅಳ್ತಿದಾಳೆ’ ಅಂದ. ಗಲ್ಲಾದಲ್ಲಿದ್ದ ಹತ್ತು, ಇಪ್ಪತ್ತರ ನೋಟನ್ನೇ ಎಣಿಸಿ ಸಂಬಳ ಕೊಟ್ಟೆ. ಗುವಾಹಟಿಯ ವಿಶೇಷ ರೈಲು ಹತ್ತಿದರು. ಆಮೇಲೆ ಸರ್ಕಾರ, ಒಟ್ಟಿಗೆ ಐದಕ್ಕಿಂತ ಜಾಸ್ತಿ ಎಸ್‌ಎಂಎಸ್ ಕಳಿಸಬಾರದು ಎಂದು 15 ದಿನ ಕಟ್ಟು ಹಾಕಿತು. ಅಷ್ಟರಲ್ಲಿ ಸಾವಿರಾರು ಜನ ಊರು ಬಿಟ್ಟಾಗಿತ್ತು. ದೋಸೆ ಹುಡುಗ ಮತ್ತೆ ಬರಲೇ ಇಲ್ಲ. 2020ರಲ್ಲಿ ನಮ್ಮ ಬೆಂಗಳೂರಿನ ಡಿ.ಜೆ. ಹಳ್ಳಿ ಹೊತ್ತಿ ಉರಿದದ್ದೂ ಒಂದು ಫೇಸ್‌ಬುಕ್ ಪೋಸ್ಟಿನಿಂದಲೇ. ಪೊಲೀಸರ ಗುಂಡೇಟಿಗೆ ಮೂವರು ಸತ್ತರು.

ಹಾಗಾದ್ರೆ ಅಳಿಸೋ ಅಧಿಕಾರ ಸರ್ಕಾರಕ್ಕೇ ಇರಲಿ ಎನ್ನುತ್ತಾರೆ ನಮ್ಮ ಕೆಲವು ಗಿರಾಕಿಗಳು. ಅದೂ ಬೇಡಪ್ಪ. ಅದೇ 2012ರಲ್ಲಿ, ಶಿವಸೇನೆಯ ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಯಾಕೆ ಎಂದು ಫೇಸ್‌ಬುಕ್‌ನಲ್ಲಿ ಬರೆದ ಪಾಲ್ಘರ್‌ನ ಹುಡುಗಿಯನ್ನೂ, ಅದಕ್ಕೆ ಲೈಕ್ ಒತ್ತಿದವಳನ್ನೂ ಪೊಲೀಸರು ಹಿಡಿದರು. ಆಗ ಬಳಸಿದ ಐ.ಟಿ. ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಬೇಕಾಯಿತು.

ಕನ್ನಡದ ಬರಹವನ್ನು ಕನ್ನಡ ಬಲ್ಲ ಮನುಷ್ಯರು ಓದಿ ತೀರ್ಮಾನಿಸಲಿ. ಅಳಿಸಿದರೆ ಯಾವ ಸಾಲು ತಪ್ಪು, ಅಳಿಸಲು ಹೇಳಿದ್ದು ಯಾರು ಎಂದು ಬರೆದವನಿಗೆ ಕನ್ನಡದಲ್ಲೇ ತಿಳಿಸಲಿ. ಇಲ್ಲಿ ಇಷ್ಟು ಜಾಹೀರಾತು ದುಡ್ಡು ಮಾಡುವ ಕಂಪನಿಗಳಿಗೆ ಇದೇನು ಭಾರವಲ್ಲ.

ಗುಂಡಿ ಹಾಗೇ ಇದೆ. ಎಂಜಿನಿಯರ್ ತಲೆ ತಿನ್ನೋಕೆ ಈಗ ನಾನೇ ಆಫೀಸಿಗೆ ಹೋಗುತ್ತಿದ್ದೇನೆ.

– ಒಬ್ಬ ದರ್ಶಿನಿ ಮಾಲೀಕ, ಹನುಮಂತನಗರ, ಬೆಂಗಳೂರು