ಹಬ್ಬದ ಬ್ಯಾನರ್ ಪ್ರಿಂಟಿಗೆ ಕೊಡುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ ರೀ. ದೀಪಾವಳಿ ಬ್ಯಾನರ್ ಮಾಡಿಸುತ್ತಿರುವವರು ಇಂಗ್ಲಿಷ್ ಸಾಲುಗಳನ್ನು ಒಮ್ಮೆ ಗುಂಪಿಗೆ ಹಾಕಿ, ನೋಡಿ ಹೇಳುತ್ತೇನೆ.

ಬಹಳ ಮುಖ್ಯವಾದದ್ದು ಇದು. 'ಫ್ಲಾಟ್ 50% ಆಫ್' ಬೇರೆ, 'ಅಪ್ ಟು 50% ಆಫ್' ಬೇರೆ. ಫ್ಲಾಟ್ ಅಂದರೆ ಆಫರಿನಲ್ಲಿರುವ ಪ್ರತಿ ಸೀರೆಗೂ ಅರ್ಧ ಬೆಲೆ. ಅಪ್ ಟು ಅಂದರೆ ಜಾಸ್ತಿ ಅಂದ್ರೆ 50, ಕೆಲವಕ್ಕೆ 10 ಮಾತ್ರ ಇರಬಹುದು. ಹೋದ ವರ್ಷ ಬಾಗಲಕೋಟೆಯ ನಮ್ಮ ಅಂಗಡಿ ಬ್ಯಾನರಿನಲ್ಲಿ 'ಅಪ್ ಟು' ಬಿಟ್ಟುಹೋಗಿತ್ತು, ಒಬ್ಬ ಅಕ್ಕ 2,000 ರೂಪಾಯಿಯ ಇಳಕಲ್ ಸೀರೆ ಹಿಡಿದು 1,000 ಎಣಿಸಿಟ್ಟರು. ಅವರದೇನು ತಪ್ಪು? ಅದೇ ಬೆಲೆಗೆ ಕೊಟ್ಟೆವು. ದಾರಿ ತಪ್ಪಿಸುವ ಜಾಹೀರಾತಿನ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕ್ರಮ ತೆಗೆದುಕೊಳ್ಳಬಹುದು, ಅದೂ ನೆನಪಿರಲಿ.

'ಬಿಗ್ ಸೆಲ್' ಅಂತ ಬರೆಸಬೇಡಿ, 'ಬಿಗ್ ಸೇಲ್' ಸರಿ. ಸೆಲ್ ಅಂದರೆ ಮಾರು, ಸೇಲ್ ಅಂದರೆ ಮಾರಾಟ. ಸೈಟ್ ಮಾರುವವರು 'ಫಾರ್ ಸೇಲ್' ಅಂತ ಹಾಕಿ, 'ಆನ್ ಸೇಲ್' ಅಂದರೆ ರಿಯಾಯಿತಿ ಇದೆ ಅಂತ ಜನ ತಿಳಿಯುತ್ತಾರೆ.

'ಬೈ 2 ಗೆಟ್ 1 ಫ್ರೀ' ಬರೆಸುವಾಗ ಬೈ ಸ್ಪೆಲಿಂಗಿನಲ್ಲಿ ನಡುವೆ ಯು ಬೇಕೇ ಬೇಕು. ಹಾಗೇ 'ವೈಲ್ ಸ್ಟಾಕ್ಸ್ ಲಾಸ್ಟ್' (ಮಾಲು ಇರುವವರೆಗೆ ಮಾತ್ರ) ಅನ್ನುವಲ್ಲಿ ಲಾಸ್ಟ್‌ಗೆ ಎ ಅಕ್ಷರ ಬರಬೇಕು. ಅಲ್ಲಿ ಓ ಬಿದ್ದರೆ ಮಾಲು ಕಳೆದುಹೋಯಿತು ಅನ್ನೋ ಅರ್ಥ ಬರುತ್ತೆ!

ಗುಳೇದಗುಡ್ಡದ ಖಣದ ಅಂಗಡಿಯವರು ನಿಮ್ಮ ಸಾಲುಗಳನ್ನು ಇವತ್ತು ರಾತ್ರಿಯೊಳಗೆ ಕಳಿಸಿ, ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗುತ್ತೆ.