ಕಲ್ಚರ್ ರಿಪೋರ್ಟ್ ನೋಡಿ ಹೆದರಿದ ಸುಧಾಳಿಗೆ

ಪ್ರೀತಿಯ ಸುಧಾ,

ಹೊಸ ಮನೆಯ ಸಂಗತಿಯೆಲ್ಲ ಓದಿದೆ, ಖುಷಿಯಾಯಿತು. ಆದರೆ ಕೊನೆಯಲ್ಲಿ ಬರೆದ ಒಂದು ಸಾಲು ರಾತ್ರಿ ನಿದ್ದೆ ಕೆಡಿಸಿತು. "ಯೂರಿನ್ ಕಲ್ಚರ್‌ನಲ್ಲಿ ಬರೀ ಆರ್, ಆರ್. ನನ್ನ ಮೈಗೆ ಇನ್ನು ಯಾವ ಔಷಧಿಯೂ ನಾಟಲ್ಲ ಅನ್ಸುತ್ತೆ ದೊಡ್ಡಮ್ಮ."

ನಿನ್ನ ಮೈಗಲ್ಲ ಕಣೇ. ಆರ್ ಅಂದರೆ ರೆಸಿಸ್ಟೆಂಟ್, ಔಷಧಿಗೆ ಜಗ್ಗದ್ದು. ಹಾಗೆ ಜಗ್ಗದಿರುವುದು ಆ ಬ್ಯಾಕ್ಟೀರಿಯಾ. ಕಲ್ಚರ್ ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು. ಈ ಸಲ ನಿನ್ನ ಸ್ಯಾಂಪಲ್ಲಿನಲ್ಲಿ ಬೆಳೆದದ್ದರ ಜಾತಕ ಅದು, ನಿನ್ನದಲ್ಲ. ಮುಂದಿನ ಸಲ ಬೇರೆ ಬ್ಯಾಕ್ಟೀರಿಯಾ ಸಿಕ್ಕರೆ ಪಟ್ಟಿಯೂ ಬೇರೆ ಬರಬಹುದು.

ಲ್ಯಾಬಿನಲ್ಲಿ ನಾವು ಏನು ಮಾಡುತ್ತಿದ್ದೆವು ಗೊತ್ತಾ? ಪ್ಲೇಟಿನ ತುಂಬ ಬ್ಯಾಕ್ಟೀರಿಯಾ ಸವರಿ, ಮೇಲೆ ಆಂಟಿಬಯೋಟಿಕ್ ಹೀರಿಕೊಂಡ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತಿದ್ದೆವು. ರಾತ್ರಿಯಿಡೀ 35 ಡಿಗ್ರಿ ಶಾಖ. ಬೆಳಿಗ್ಗೆ ತೆಗೆದರೆ ಕೆಲವು ಬಿಲ್ಲೆಗಳ ಸುತ್ತ ಏನೂ ಬೆಳೆಯದ ಒಂದು ವೃತ್ತ. ಅದನ್ನು ಮಿಲಿಮೀಟರಿನಲ್ಲಿ ಅಳೆದು, ಸಾಕಷ್ಟು ದೊಡ್ಡದಿದ್ದರೆ ಎಸ್, ಅಂದರೆ ಆ ಔಷಧಿ ನಾಟುತ್ತದೆ, ಇಲ್ಲದಿದ್ದರೆ ಆರ್ ಅಂತ ಬರೆಯುವುದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ವೃತ್ತಗಳು ದೊಡ್ಡದಾಗಿ ಬರುತ್ತಿದ್ದವು. ಬಿಡುವ ಹೊತ್ತಿಗೆ ಆಂಪಿಸಿಲಿನ್ ಬಿಲ್ಲೆಯ ಅಂಚಿಗೇ ಇ. ಕೊಲೈ ಅನ್ನುವ ಬ್ಯಾಕ್ಟೀರಿಯಾ ಹಬ್ಬಿರುತ್ತಿತ್ತು. ಒಂದು ಬ್ಯಾಕ್ಟೀರಿಯಾ ಕಲಿತದ್ದನ್ನು ಪಕ್ಕದ್ದಕ್ಕೂ ದಾಟಿಸುತ್ತದೆ, ಜೀನ್ ಸಮೇತ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು, ಸಾಲದಷ್ಟು ಡೋಸ್ ತೆಗೆದುಕೊಂಡರೆ ಅವು ಪಳಗಿಬಿಡುತ್ತವೆ ಅಂತ. ಯಾರು ಕೇಳಿದರು!

ನಿನ್ನ ದೊಡ್ಡಪ್ಪನ ಆಸ್ಪತ್ರೆ ದಿನಗಳನ್ನು ಮತ್ತೆ ಬರೆಯುವುದಿಲ್ಲ. ನೀನೇ ಪಕ್ಕದಲ್ಲಿದ್ದೆ. ನನ್ನ ಕೊರಗು ಬೇರೆ. ರಿಪೋರ್ಟ್ ಒಯ್ಯಲು ಬಂದವರು ಮುಖ ನೋಡುತ್ತಾ ನಿಲ್ಲುತ್ತಿದ್ದರು. ನಾವು ವಿವರಿಸುವ ಹಾಗಿರಲಿಲ್ಲ. "ಡಾಕ್ಟರನ್ನೇ ಕೇಳಿ" ಅಂತ ಕವರ್ ಕೊಡಬೇಕಿತ್ತು. ಅವರಲ್ಲಿ ಎಷ್ಟು ಜನ "ನನ್ನ ಮೈಯೇ ಕೆಟ್ಟಿತು" ಅಂದುಕೊಂಡು ಮನೆಗೆ ಹೋದರೋ. ನಿನ್ನ ಪತ್ರ ಓದುವಾಗ ಅವರೆಲ್ಲ ನೆನಪಾದರು.

ಉಪದೇಶ ಅಂದುಕೊಳ್ಳಬೇಡ, ಡಬ್ಬಿಯಲ್ಲಿ ಉಳಿದಿರುವ ಆ ಸಿಪ್ರೋ ಆಂಟಿಬಯೋಟಿಕ್ ಮಾತ್ರೆ ಮುಟ್ಟಬೇಡ. ನೆಗಡಿಗಂತೂ ಬೇಡವೇ ಬೇಡ, ಅದು ವೈರಸ್ಸಿನ ಕೆಲಸ. ಈಗ ಕೊಡುವ ಮಾತ್ರೆ ಎಷ್ಟು ದಿನ ಅಂತ ಡಾಕ್ಟರ್ ಬಾಯಿಂದಲೇ ಕೇಳಿಕೋ. ಉರಿ ಕಡಿಮೆಯಾಯಿತು ಅಂತ ನೀನಾಗಿಯೇ ನಿಲ್ಲಿಸಬೇಡ. ಚಳಿಜ್ವರ ಬಂದರೆ, ಬೆನ್ನಿನ ಪಕ್ಕೆ ನೋವಾದರೆ ಅವತ್ತೇ ಹೋಗು. ಹಾಂ, ಈ ರಿಪೋರ್ಟ್ ಬಿಸಾಡಬೇಡ, ಮುಂದೆ ಯಾವ ಡಾಕ್ಟರಿಗಾದರೂ ಬೇಕಾಗುತ್ತದೆ. ಇದೆಲ್ಲ ನಿನಗೆ ಗೊತ್ತಿರಬಹುದು, ಸುಮ್ನೆ ಬರೆದೆ.

ಮತ್ತೆ ಅಲ್ಲಿಗೇ ಬಂದೆ ನೋಡು. ಆರ್ ಎಷ್ಟಿದೆ ಅಂತ ಎಣಿಸಿ ಬರೆದಿದ್ದೀಯ. ಎಸ್ ಎಷ್ಟಿದೆ ಅಂತ ಬರೆದೇ ಇಲ್ಲ. ನೈಟ್ರೋಫುರಾಂಟೋಯಿನ್, ಫಾಸ್ಫೋಮೈಸಿನ್ ಹಳೇ ಔಷಧಿಗಳೇ, ಆದರೂ ಎಷ್ಟೋ ಸಲ ಅವುಗಳ ಮುಂದೆ ಎಸ್ ಇರುತ್ತದೆ. ಒಂದು ಎಸ್ ನಿನಗೆ ಹೊಂದಿದರೂ ಸಾಕು ಡಾಕ್ಟರಿಗೆ. ರಿಪೋರ್ಟಿನ ಫೋಟೋ ಕಳಿಸು, ಪೂರ್ತಿ ಪುಟ ಬರಲಿ.

ನಿನ್ನ ದೊಡ್ಡಮ್ಮ